ರೆಟಿಕ್ ಎಣಿಸಿದರೆ ಮಜ್ಜೆಯ ಸುದ್ದಿ ಗೊತ್ತಾಗುತ್ತದೆ

ರಕ್ತಕಣ ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಅದನ್ನು ಸೂಜಿ ಹಾಕಿ ತೆಗೆದು ನೋಡಬೇಕೆಂದರೆ ಬದಿಯಡ್ಕ ಕಡೆಯ ನಾವು ಸಾಮಾನ್ಯವಾಗಿ ಮಂಗಳೂರಿಗೆ ಹೋಗಬೇಕು. ಆದರೆ ಮಜ್ಜೆ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಎಷ್ಟೋ ಸಲ ಕೈಯಿಂದ ತೆಗೆದ ರಕ್ತವೇ ಸಾಕು. ನಮ್ಮ ಸಣ್ಣ ಲ್ಯಾಬಿನಲ್ಲಿ ಅದಕ್ಕೆ ನಾನು ಮಾಡುವುದು ರೆಟಿಕುಲೋಸೈಟ್ ಕೌಂಟ್, ಅಂದರೆ ಮಜ್ಜೆಯಿಂದ ಆಗಷ್ಟೇ ಬಂದ ಎಳೆಯ ಕೆಂಪು ಕಣಗಳ ಎಣಿಕೆ. ನಮ್ಮ ಬಾಯಲ್ಲಿ ಬರೀ ರೆಟಿಕ್.

ಕೆಂಪು ಕಣಕ್ಕೆ ಮೊದಲು ನ್ಯೂಕ್ಲಿಯಸ್ ಇರುತ್ತದೆ. ಮಜ್ಜೆಯಲ್ಲಿ ಅದು ಮತ್ತೆ ಮತ್ತೆ ಎರಡಾಗುತ್ತಾ, ಚಿಕ್ಕದಾಗುತ್ತಾ, ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ. ಕೊನೆಗೆ ನ್ಯೂಕ್ಲಿಯಸ್ಸನ್ನೇ ಹೊರಗೆ ತಳ್ಳಿಬಿಡುತ್ತದೆ. ಆಗ ಉಳಿಯುವುದು ರೆಟಿಕ್. ಅದರಲ್ಲಿ ಆರ್‌ಎನ್‌ಎ ಇನ್ನೂ ಸ್ವಲ್ಪ ಬಾಕಿ ಇರುತ್ತದೆ. ರಕ್ತಕ್ಕೆ ಇಳಿದು ಸುಮಾರು ಒಂದು ದಿನದಲ್ಲಿ ಅದೂ ಹೋಗುತ್ತದೆ. ಆಮೇಲೆ ಮಾಮೂಲಿ ಕೆಂಪು ಕಣವಾಗಿ 120 ದಿನದಷ್ಟು ಓಡಾಟ.

ಆ ಆರ್‌ಎನ್‌ಎ ಕಾಣಬೇಕಾದರೆ ಕಣ ಜೀವಂತ ಇರುವಾಗಲೇ ಬಣ್ಣ ಹಾಕಬೇಕು. ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ಮದ್ದು) ಹಾಕಿದ ರಕ್ತ, ನ್ಯೂ ಮೆಥಿಲೀನ್ ಬ್ಲೂ ಎಂಬ ಬಣ್ಣ, ಎರಡೂ ಸಮ ಸಮ. 37 ಡಿಗ್ರಿಯಲ್ಲಿ 15–20 ನಿಮಿಷ. ಮೆಲ್ಲ ಅಲ್ಲಾಡಿಸಿ ಸ್ಲೈಡಿನ ಮೇಲೆ ತೆಳುವಾಗಿ ಸ್ಮಿಯರ್ ಎಳೆಯುತ್ತೇನೆ. ಬಣ್ಣವನ್ನು ಮೊದಲೇ ಸೋಸಿಡಬೇಕು. ಇಲ್ಲದಿದ್ದರೆ ಬಣ್ಣದ ಕಸವೂ ರೆಟಿಕ್ ಹಾಗೆಯೇ ಕಾಣುತ್ತದೆ. ಜೂನ್–ಜುಲೈಯ ನಮ್ಮ ಮಳೆಯಲ್ಲಿ ಸ್ಲೈಡ್ ಒಣಗುವುದೇ ಒಂದು ತಲೆನೋವು. ತಡವಾಗಿ ಒಣಗಿದ ಕಣದೊಳಗೆ ಮಿನುಗುವ ಚುಕ್ಕೆ ಬರುತ್ತದೆ. ಫೋಕಸ್ ಸ್ವಲ್ಪ ಆಚೀಚೆ ಮಾಡಿದರೆ ಮಿನುಗುವುದು ನೀರಿನ ಕಿತಾಪತಿ, ಗಾಢ ನೀಲಿಯ ಬಲೆಯ ಹಾಗೆ ನಿಲ್ಲುವುದು ರೆಟಿಕ್. ಹೀಗೆ ಸಾವಿರ ಕೆಂಪು ಕಣ ಎಣಿಸಿ, ಅದರಲ್ಲಿ ರೆಟಿಕ್ ಎಷ್ಟು ಅಂತ ನೋಡಬೇಕು. ಕುತ್ತಿಗೆ ನೋಯುತ್ತದೆ, ಏನು ಮಾಡುವುದು!

ಒಮ್ಮೆ ಅಡಿಕೆ ತೋಟದ ಮನೆಯ ಒಬ್ಬ ಅಮ್ಮನ ರಕ್ತ ಬಂತು. ಹಿಮೋಗ್ಲೋಬಿನ್ 6, ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 18, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 120, ಅಂದರೆ ಕಣ ದೊಡ್ಡದು. ಬಿಳಿ ಕಣ, ಪ್ಲೇಟ್‌ಲೆಟ್ ಕೂಡ ಕಮ್ಮಿ. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳ ನ್ಯೂಕ್ಲಿಯಸ್ ಆರು ತುಂಡು. ರೆಟಿಕ್ 1.5 ಶೇಕಡಾ. ನಾರ್ಮಲ್ ಅಲ್ವಾ? ಅಲ್ಲ. ಒಟ್ಟು ಕಣವೇ ಕಮ್ಮಿ ಇರುವಾಗ ಶೇಕಡಾ ಮೋಸ ಮಾಡುತ್ತದೆ. ಹಿಮಟೋಕ್ರಿಟ್ಟನ್ನು ಮಾಮೂಲಿ ಮಟ್ಟವಾದ 45ರಿಂದ ಭಾಗಿಸಿ, ಬಂದದ್ದರಿಂದ ರೆಟಿಕ್ ಶೇಕಡಾವನ್ನು ಗುಣಿಸಿದರೆ ಸಿಕ್ಕಿದ್ದು ಬರೀ 0.6.

ಡಾಕ್ಟರ್ ಸಂಶಯ ವಿಟಮಿನ್ ಬಿ12 ಮೇಲೆ. ಅದಿಲ್ಲದೆ ಡಿಎನ್‌ಎ ಸರಿಯಾಗಿ ತಯಾರಾಗುವುದಿಲ್ಲ. ಮಜ್ಜೆ ತುಂಬ ದೊಡ್ಡ ದೊಡ್ಡ ಮರಿಕಣಗಳಿದ್ದರೂ ಹೆಚ್ಚಿನವು ಅಲ್ಲೇ ಸಾಯುತ್ತವೆ, ರಕ್ತಕ್ಕೆ ಬರುವುದೇ ಇಲ್ಲ. ಪರೀಕ್ಷೆಯಲ್ಲಿ ಬಿ12 ಕಮ್ಮಿ ಅಂತಲೇ ಬಂತು, ಇಂಜೆಕ್ಷನ್ ಶುರುವಾಯಿತು. ಏಳನೇ ದಿನ ರೆಟಿಕ್ 12 ಶೇಕಡಾ! ಒಂದೊಂದು ಫೀಲ್ಡಿನಲ್ಲೂ ನೀಲಿ ಬಲೆಗಳು.

ಅವರ ಮಗ ರಿಪೋರ್ಟ್ ಹಿಡಿದುಕೊಂಡು, "ಮೇಡಂ, ರಕ್ತ ಏರಿದ್ದು ಇಷ್ಟೇನಾ?" ಅಂದ. ಹಿಮೋಗ್ಲೋಬಿನ್ ಏರಲು ವಾರಗಳು ಬೇಕು, ರೆಟಿಕ್ ಮೊದಲೇ ಏರುತ್ತದೆ ಅಂತ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.

ಬೇರೆಯವರ ರಕ್ತ ಏರಿಸುವುದಿದ್ದರೆ ಅದಕ್ಕೆ ಮೊದಲೇ ಸ್ಯಾಂಪಲ್ ತೆಗೆದಿಡಿ. ಬೇರೆಯವರ ಕಣ ಬೆರೆತ ಮೇಲೆ ನಾನು ಎಣಿಸಿದ ಲೆಕ್ಕಕ್ಕೆ ಅರ್ಥವಿರುವುದಿಲ್ಲ.