ಮುರಕಲ್ಲಿನ ಚಾವಡಿಯಲ್ಲಿ ಚಿತ್ರ ಪ್ರದರ್ಶನ: ನಾವು ಮಾಡುವ ಕ್ರಮ

ನಮ್ಮ ಗ್ಯಾಲರಿ ಇರುವುದು ಹಂಚಿನ ಮನೆಯ ಚಾವಡಿಯಲ್ಲಿ, ಗೋಡೆ ಮುರಕಲ್ಲಿನದು, ಅಂದರೆ ಜಂಬಿಟ್ಟಿಗೆಯದು. ಈ ಗೋಡೆಗೆ ಡ್ರಿಲ್ ಹಿಡಿದರೆ ಕೆಂಪು ಹುಡಿ ಉದುರುತ್ತದೆ, ತೂತು ಹಿಗ್ಗುತ್ತದೆ, ಪ್ಲಗ್ ಸ್ಕ್ರೂವಿನ ಜೊತೆಗೇ ತಿರುಗುತ್ತದೆ. ಪ್ರತಿ ಪ್ರದರ್ಶನಕ್ಕೂ ಹೊಸದಾಗಿ ಕೊರೆಯುತ್ತ ಹೋದರೆ ಗೋಡೆ ಜರಡಿಯಾಗುತ್ತದೆ. ಕಾಸರಗೋಡು ಕಡೆಯ ಹಂಚಿನ ಮನೆಗಳಲ್ಲಿ ಮಾಡಿನ ಭಾರ ಹೊರುವುದು ಮರದ ತೊಲೆ. ಆದ್ದರಿಂದ ಗೋಡೆಯುದ್ದಕ್ಕೂ ತೊಲೆಗಳಿಗೆ ಅಲ್ಯೂಮಿನಿಯಂ ಹಳಿ ಬಿಗಿದು, ಅದರಿಂದ ಉಕ್ಕಿನ ತಂತಿ ಇಳಿಬಿಡುತ್ತೇವೆ. ಒಂದು ಚಿತ್ರಕ್ಕೆ ಎರಡು ತಂತಿ ಬೇಕೇ ಬೇಕು. ಒಂದೇ ಆದರೆ ಫ್ಯಾನಿನ ಗಾಳಿಗೆ ಸೊಟ್ಟಗಾಗುತ್ತದೆ.

ಚಿತ್ರದ ನಡುಭಾಗ ನೆಲದಿಂದ 150 ಸೆಂ.ಮೀ. ಎತ್ತರದಲ್ಲಿರಲಿ. ಚಿತ್ರದ ಎತ್ತರ 60 ಸೆಂ.ಮೀ., ಹಿಂದಿನ ರಿಂಗು ಮೇಲಂಚಿನಿಂದ 10 ಸೆಂ.ಮೀ. ಕೆಳಗಿದೆ ಅಂದುಕೊಳ್ಳಿ: 150ಕ್ಕೆ 30 ಕೂಡಿಸಿ 10 ಕಳೆದರೆ 170. ತಂತಿಯ ಕೊಕ್ಕೆ ನೆಲದಿಂದ ಅಷ್ಟು ಎತ್ತರಕ್ಕೆ ಬರಬೇಕು. ರಿಂಗು ಕೆಳಗಾದಷ್ಟೂ ಚಿತ್ರ ಮುಂದಕ್ಕೆ ವಾಲುತ್ತದೆ. ನೆಲ ಸಮ ಇದೆ ಎಂದು ನಂಬಬೇಡಿ. ಹಳೆಯ ರೆಡಾಕ್ಸೈಡ್ ನೆಲ ಒಂದು ಮೂಲೆಗೆ ಇಳಿದಿರುವುದೇ ಹೆಚ್ಚು. ನೀರಿನ ಟ್ಯೂಬು ಹಿಡಿದು, ಗೋಡೆಯುದ್ದಕ್ಕೂ ಒಂದೇ ಮಟ್ಟದಲ್ಲಿ ದಾರ ಕಟ್ಟಿ ಅಳೆಯಿರಿ.

ನಿಜವಾದ ತಲೆನೋವು ಮಳೆಗಾಲ. ತೇವಾಂಶ 65 ಶೇಕಡಾ ದಾಟಿ ಹಾಗೆಯೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಇಲ್ಲಿಯ ಹೊರಗಿನ ಗಾಳಿ ಅದಕ್ಕಿಂತ ಎಷ್ಟೋ ಮೇಲೆ. ಬೂಷ್ಟು ಮೊದಲು ಕಾಣುವುದು ಚಿತ್ರದ ಎದುರಿಗಲ್ಲ, ಬೆನ್ನಿಗೆ. ಗೋಡೆಗೆ ಅಂಟಿಕೊಂಡ ಫ್ರೇಮಿನ ಹಿಂದೆ ಗಾಳಿ ಆಡುವುದಿಲ್ಲ, ಮುರಕಲ್ಲು ಹೀರಿದ ನೀರು ಅಲ್ಲೇ ಹೊರಬರುತ್ತದೆ. ಫ್ರೇಮಿನ ಕೆಳಗಿನ ಎರಡು ಮೂಲೆಗೆ 15 ಮಿ.ಮೀ. ದಪ್ಪದ ಬೆಂಡಿನ ಬಿರಡೆ ಅಂಟಿಸಿದರೆ ಅರ್ಧ ಕಾಟ ತಪ್ಪುತ್ತದೆ. ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಬೇಡ. ಒಳಗಿನ ತೇವ ಅದನ್ನು ಗುಳ್ಳೆ ಎಬ್ಬಿಸಿ ಕೀಳುತ್ತದೆ. ಸುಣ್ಣವೇ ವಾಸಿ, ಆದರೆ ಕೈಗೆ ಹತ್ತುವ ಸುಣ್ಣ ಫ್ರೇಮಿಗೂ ಹತ್ತುತ್ತದೆ. ಚೆನ್ನಾಗಿ ಒಣಗಿಸಿ, ಬಟ್ಟೆಯಲ್ಲಿ ಒರೆಸಿ ನೋಡಿದ ಮೇಲೆಯೇ ಚಿತ್ರ ಏರಿಸಿ.

ಹಗಲು ಎಸಿ ಹಾಕಿ ರಾತ್ರಿ ಆರಿಸುವುದಕ್ಕಿಂತ ಹಾಕದಿರುವುದೇ ಮೇಲು. ಎಸಿ ನಿಂತಾಗ ಹೊರಗಿನ ಹಸಿ ಗಾಳಿ ಒಳನುಗ್ಗಿ ತಣ್ಣನೆಯ ಗಾಜಿನ ಮೇಲೆ ಬೆವರುತ್ತದೆ. ಚಿತ್ರ ಗಾಜಿಗೆ ತಾಗಿದ್ದರೆ ಬಣ್ಣ ಅಲ್ಲೇ ಅಂಟಿತು. ಅದಕ್ಕೇ ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಬೋರ್ಡು (ಚಿತ್ರ ಕಾಣುವಂತೆ ಕಿಟಕಿ ಕತ್ತರಿಸಿದ ದಪ್ಪ ರಟ್ಟು) ಬೇಕು, ಅದೂ ಆಮ್ಲರಹಿತ. ಕಾಗದವನ್ನು ಮೇಲಂಚಿನಲ್ಲಿ ಮಾತ್ರ ತೆಳು ಜಪಾನಿ ಕಾಗದದ ಪಟ್ಟಿಯಿಂದ ಹಿಡಿಸಿ. ಮೈದಾ ಅಂಟಿಗೆ ಬೆಳ್ಳಿಹುಳ ಬರುತ್ತದೆ, ಮೀಥೈಲ್ ಸೆಲ್ಯುಲೋಸ್ ಅಂಟಿಗೆ ಅಷ್ಟಾಗಿ ಬರುವುದಿಲ್ಲ. ಸೆಲ್ಲೋಟೇಪ್ ಹಚ್ಚಿದವರ ಕಾಗದದಲ್ಲಿ ಕಂದು ಕಲೆ ಖಂಡಿತ.

ಬೆಳಕು: ಜಲವರ್ಣ, ಹಳೆಯ ಫೋಟೊಗಳಿಗೆ 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ), ತೈಲವರ್ಣಕ್ಕೆ 200. ದೀಪ ಮೇಲಿನಿಂದ 30 ಡಿಗ್ರಿ ಓರೆಯಲ್ಲಿ ಬೀಳಲಿ. ಗಾಜಿನ ಹಂಚಿನಿಂದ ಬೀಳುವ ಬಿಸಿಲನ್ನು ಮರೆಯಬೇಡಿ. ಮಧ್ಯಾಹ್ನ ಅದು ಎಲ್ಲಿಗೆ ಸರಿಯುತ್ತದೆಂದು ನೋಡಿಯೇ ಜಾಗ ಗೊತ್ತುಮಾಡಬೇಕು.

ಗ್ಯಾಲರಿಯ ಚರಿತ್ರೆಗೆ ಒಂದು ಗೋಡೆ ಮೀಸಲು. ಆಮಂತ್ರಣ ಪತ್ರಿಕೆ, ಪತ್ರಿಕಾ ತುಣುಕು, ಉದ್ಘಾಟನೆಯ ಫೋಟೊ, ಯಾವುದರ ಮೂಲವನ್ನೂ ತೂಗುಹಾಕುವುದಿಲ್ಲ. ಅಚ್ಚಿನ ಅಳತೆಗೆ 300 ಡಿಪಿಐಯಲ್ಲಿ (ಅಂಗುಲಕ್ಕೆ 300 ಚುಕ್ಕೆ) ಸ್ಕ್ಯಾನ್ ಮಾಡಿದ ಪ್ರತಿ ಸಾಕು, ಮೂಲ ಪಾಲಿಯೆಸ್ಟರ್ ಲಕೋಟೆಯಲ್ಲಿರಲಿ. ಜಿಲ್ಲೆಯ ಕಲೆಯ ಎಳೆಯೂ ಅದೇ ಗೋಡೆಯಲ್ಲಿ ಬರಬೇಕು. ಪಾಲಕ್ಕಾಡು ಜಿಲ್ಲೆಯ ಮಲಂಪುಳದ 1969ರ ‘ಯಕ್ಷಿ’ ಶಿಲ್ಪದ ಶಿಲ್ಪಿ ಕಾನಾಯಿ ಕುಞಿರಾಮನ್ ನಮ್ಮ ಕಾಸರಗೋಡು ಜಿಲ್ಲೆಯವರು ಎಂಬುದು ನಮ್ಮ ಕನ್ನಡದ ಮಕ್ಕಳಿಗೆ ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ನಡೆಯುತ್ತಿರುವ ಪ್ರದರ್ಶನದ ಬರಹ ಕನ್ನಡ, ಮಲಯಾಳ ಎರಡರಲ್ಲೂ, 150 ಪದ ಮೀರದಂತೆ. ಕನ್ನಡದ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಸಾಲಿನ ಅಂತರ ಒಂದೂವರೆ ಪಟ್ಟು ಇಡಿ. ಚಿತ್ರದ ಚೀಟಿ ಬಲಬದಿಯಲ್ಲಿ: ಕಲಾವಿದರ ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಅಕ್ಷರ 18 ಪಾಯಿಂಟಿಗಿಂತ ಚಿಕ್ಕದಾದರೆ ಹಿರಿಯರು ಚಿತ್ರ ಬಿಟ್ಟು ಚೀಟಿಗೆ ಮೂಗು ತಾಗಿಸುತ್ತಾರೆ.

ಚಿತ್ರ ಬಂದ ದಿನವೇ ನಾಲ್ಕು ಮೂಲೆ, ಬೆನ್ನು, ಗಾಜು ಎಲ್ಲದರ ಫೋಟೊ ತೆಗೆದು ಕಲಾವಿದರ ಸಹಿ ಹಾಕಿಸಿ. ಹಿಂತಿರುಗಿಸುವಾಗ ಜೀಪಿನಲ್ಲಿ ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು, ನಡುವೆ ರಟ್ಟು ಇಟ್ಟು ನಿಲ್ಲಿಸಿಯೇ ಒಯ್ಯಬೇಕು, ಮಲಗಿಸಬಾರದು.