ಫೋಟೋ ಫೈಲಿಗೆ ಹೆಸರಿಡೋದು ಹೇಗೆ? ವರ್ಷ ಮೊದಲು ಬರ್ಲಿ

ಮುಂಬೈನ ಮಾಟುಂಗಾದಲ್ಲಿ ನಮ್ಮ ಸಂಘದ ಸ್ಮರಣ ಸಂಚಿಕೆಗೆ ಫೋಟೋ ಒಟ್ಟು ಮಾಡೋದು ನನ್ನ ಕೆಲಸ. ಯಾರ ಪೆನ್‌ಡ್ರೈವ್ ಹಾಕಿದ್ರೂ "ಹೊಸದು", "ಹೊಸದು 2", "ಫೈನಲ್", "ಇದೇ ಫೈನಲ್" ಅಂತಾನೇ ಇರತ್ತೆ, ಯಕ್ಷಗಾನ ಯಾವ ವರ್ಷದ್ದು ಅಂತ ಗೊತ್ತಾಗೋದೇ ಇಲ್ಲ.

ಮೊದಲು ಒಂದೊಂದು ಕ್ಯಾಮೆರಾ, ಒಂದೊಂದು ಫೋನಿಗೆ ಬೇರೆ ಬೇರೆ ಫೋಲ್ಡರ್ ಮಾಡಿ ಕಾಪಿ ಮಾಡ್ಕೊಳ್ಳಿ. ಕ್ಯಾಮೆರಾ ನಂಬರು 9999 ಮುಗಿದ್ಮೇಲೆ ಮತ್ತೆ 0001ರಿಂದ ಶುರುವಾಗತ್ತೆ, ಇಬ್ಬರ ಕ್ಯಾಮೆರಾದಲ್ಲಿ ಒಂದೇ ಹೆಸರಿನ ಬೇರೆ ಬೇರೆ ಫೋಟೋ ಇರಬಹುದು. ನಮ್ಮಲ್ಲಿ ಒಬ್ಬರು ಎರಡೂ ಕಾರ್ಡ್ ಒಂದೇ ಫೋಲ್ಡರಿಗೆ ಸುರಿದು, ಕಂಪ್ಯೂಟರ್ ಕೇಳಿದಾಗ "ರಿಪ್ಲೇಸ್" ಒತ್ತಿಬಿಟ್ರು, ಕಾರ್ಡನ್ನೂ ಖಾಲಿ ಮಾಡಿದ್ರು. ಆ ಫೋಟೋಗಳು ಹೋದವು ಹೋದವೇ.

ಇನ್ನು ಹೆಸರು. 2023-10-24_ಮಾಟುಂಗಾ_ದಸರಾ_003, ಹೀಗಿರಬೇಕು. ವರ್ಷ, ತಿಂಗಳು, ದಿನ ಇದೇ ಕ್ರಮ. ದಿನ ಮೊದಲು ಹಾಕಿದ್ರೆ ಎಲ್ಲ ವರ್ಷದ ಒಂದನೇ ತಾರೀಖು ಒಂದು ಕಡೆ ಗುಂಪಾಗತ್ತೆ. 3 ಅಂತ ಬರೀದೆ 003 ಅಂತಾನೇ ಬರೀರಿ, ಇಲ್ದಿದ್ರೆ ಕೆಲವು ಸಾಫ್ಟ್‌ವೇರಲ್ಲಿ 10 ಬಂದು 2ಕ್ಕಿಂತ ಮೊದಲೇ ಕೂತ್ಕೊಳತ್ತೆ. ಓರೆಗೆರೆ, ಕೋಲನ್, ಪ್ರಶ್ನಾರ್ಥಕ ಚಿಹ್ನೆ ಹಾಕ್ಬೇಡಿ, ವಿಂಡೋಸ್ ಒಪ್ಪಲ್ಲ. ಊರಿನ ಹೆಸರು ಒಂದೇ ಥರ ಬರೀರಿ, ಒಂದ್ಸಲ ಮಾಟುಂಗಾ ಇನ್ನೊಂದ್ಸಲ ಮಾತುಂಗ ಅಂತ ಬರೆದ್ರೆ ಹುಡುಕುವಾಗ ಅರ್ಧ ಫೋಟೋ ಸಿಗಲ್ಲ.

ಜನ ಎಡವೋದು ವಾಟ್ಸಾಪ್ ಫೋಟೋದಲ್ಲಿ. ಆಂಡ್ರಾಯ್ಡ್ ಫೋನಲ್ಲಿ ಅದರ ಹೆಸರಲ್ಲೇ ತಾರೀಖು ಇರತ್ತೆ, ಆದ್ರೆ ಅದು ನಿಮಗೆ ಬಂದ ದಿನ, ತೆಗೆದ ದಿನ ಅಲ್ಲ. ಮೇಲಿಂದ ಫೋಟೋ ಥರಾನೇ ಕಳಿಸಿದ್ರೆ ಒಳಗೆ ಇರೋ ತಾರೀಖಿನ ಮಾಹಿತಿನೂ ಅಳಿಸಿಹೋಗತ್ತೆ, ಸೈಜೂ ಕುಗ್ಗತ್ತೆ, ಪ್ರಿಂಟಿಗೆ ಕೊಟ್ರೆ ಮಸುಕು. ಅದಕ್ಕೇ ಕಳಿಸೋರಿಗೆ "ಡಾಕ್ಯುಮೆಂಟ್ ಆಗಿ ಕಳಿಸಿ" ಅಂತ ಮೊದಲೇ ಹೇಳಿಬಿಡಿ. ಆಗಲೇ ಬಂದುಬಿಟ್ಟಿದ್ರೆ ತೆಗೆದವರಿಗೆ ಫೋನ್ ಮಾಡಿ ತಾರೀಖು ಕೇಳಿ, ಊಹೆ ಮಾಡಿ ಬರೀಬೇಡಿ.

ನೂರಾರು ಫೈಲಿದ್ರೆ ವಿಂಡೋಸಲ್ಲಿ ಎಲ್ಲ ಸೆಲೆಕ್ಟ್ ಮಾಡಿ ಎಫ್2 ಒತ್ತಿ, ಹೆಸರು ಬರೆದು ಎಂಟರ್ ಒತ್ತಿದ್ರೆ ಎಲ್ಲಕ್ಕೂ ಅದೇ ಹೆಸರು, ಕೊನೆಗೆ ನಂಬರು ಬರತ್ತೆ. ಅವಸರಕ್ಕೆ ಸರಿ, ಆದ್ರೆ ಆ ನಂಬರಿಗೆ ಮುಂದೆ ಸೊನ್ನೆ ಇರಲ್ಲ. ಡೂಪ್ಲಿಕೇಟ್ ತೆಗೀತೀವಿ ಅನ್ನೋ ಫ್ರೀ ಆ್ಯಪ್‌ಗಳನ್ನ ಮಾತ್ರ ಹತ್ರ ಸೇರಿಸ್ಬೇಡಿ.

ಫೋಲ್ಡರ್ ವರ್ಷಕ್ಕೊಂದು, ಒಳಗೆ ಕಾರ್ಯಕ್ರಮಕ್ಕೊಂದು, ಅಷ್ಟೇ ಸಾಕು.

ಹಳೇ ಆಲ್ಬಂ ಸ್ಕ್ಯಾನ್ ಮಾಡಿದ್ರೆ ಸ್ಕ್ಯಾನ್ ಮಾಡಿದ ದಿನ ಬೇಡ, ಫೋಟೋ ತೆಗೆದ ವರ್ಷ ಹಾಕಿ, ತಿಂಗಳು ಗೊತ್ತಿಲ್ಲಾಂದ್ರೆ 1978-00-00. ಹಿಂದಿನ ಸಾಲಲ್ಲಿ ನಿಂತಿರೋರು ಯಾರ್ಯಾರು ಅಂತ ಸಂಘದ ಹಿರಿಯರನ್ನ ಈ ಭಾನುವಾರವೇ ಕೇಳಿ, ಎಡದಿಂದ ಬಲಕ್ಕೆ ಬರ್ಕೊಂಡು ಆ ಫೋಟೋದ ಹೆಸರೇ ಇರೋ ಟೆಕ್ಸ್ಟ್ ಫೈಲಲ್ಲಿ ಪಕ್ಕದಲ್ಲೇ ಇಡಿ.