ಹಳೇ ಸೀರೆ ಕೌದಿ: ನಾನು ಮನೇಲಿ ಹೊಲಿಯೋ ರೀತಿ

ಹಳೇ ಕಾಟನ್ ಸೀರೆನ ಪಾತ್ರೆಯವರಿಗೆ ಹಾಕಿ ಸ್ಟೀಲ್ ಡಬ್ಬಿ ತಗೊಳ್ಳೋ ಮುಂಚೆ ಒಂದ್ಸಲ ಇದನ್ನ ಓದ್ರಿ ಅಂತ ಕೇಳ್ಕೊಳ್ತೀನಿ. ವರ್ಷಗಟ್ಟಲೆ ಉಟ್ಟು ಒಗೆದು ಮೆತ್ತಗಾದ ಸೀರೆ ಎಷ್ಟು ದುಡ್ಡು ಕೊಟ್ರೂ ಅಂಗಡೀಲಿ ಸಿಗಲ್ಲ, ಕೌದಿಗೆ (ಹಳೇ ಬಟ್ಟೆ ಪದರ ಪದರ ಹಾಕಿ ಕೈಲಿ ಹೊಲಿಯೋ ಹಾಸಿಗೆ ಹೊದಿಕೆ) ಬೇಕಾಗಿರೋದೇ ಆ ಮೆತ್ತನೆ ಗುಣ. ನಾನು ದಾವಣಗೆರೆ ವಿನೋಬನಗರದಲ್ಲಿ ಮನೇಲೇ ಬ್ಲೌಸ್ ಹೊಲ್ಕೊಡೋಳು, ಕೌದಿ ಕಲ್ತಿದ್ದು ಮಾತ್ರ ಭರಮಸಾಗರದ ನಮ್ಮ ದೊಡ್ಡಮ್ಮನ ಹತ್ರ. ಮದುವೆ ಸೀಸನ್ ಮುಗಿದು ಬ್ಲೌಸ್ ಕೆಲ್ಸ ಕಮ್ಮಿ ಆದಾಗೆಲ್ಲ ಒಂದು ಕೌದಿ ಹಾಸ್ಕೊಂಡು ಕೂರ್ತೀನಿ. ಅಕ್ಕಪಕ್ಕದ ಮನೆಯವ್ರು ನೋಡಿ ನೋಡಿ ನಮಗೂ ಹೇಳ್ಕೊಡ್ರಿ ಅಂತಾರೆ, ಎಲ್ರೂ ಕೇಳೋದು ಹೊಲಿಗೆ ಹೆಂಗೆ ಅಂತಾನೇ. ಹೊಲಿಗೆ ಕಷ್ಟದ್ದೇನಲ್ಲ ಕಣ್ರಿ, ಬಟ್ಟೆ ಆರಿಸೋದ್ರಲ್ಲಿ ಮತ್ತೆ ಹಾಸೋದ್ರಲ್ಲಿ ಕೌದಿ ಮುಕ್ಕಾಲು ಪಾಲು ಮುಗಿದಿರುತ್ತೆ.

ಮೊದ್ಲು ಬಟ್ಟೆ. ನಮ್ಮ ತಾತ ಇಲ್ಲಿ ಹತ್ತಿ ಮಿಲ್ಲಲ್ಲಿ ಇದ್ದೋರು, ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ ಅದು, ಈಗ ಆ ಹಳೇ ಮಿಲ್ಲುಗಳಲ್ಲಿ ಬಹುತೇಕ ಮುಚ್ಚಿದಾವೆ. ಅವ್ರು ತಂದಿದ್ದ ದಪ್ಪ ಹತ್ತಿ ಬಟ್ಟೆ ಅಡಿಪದರಕ್ಕೆ ಹಾಕಿ ಹೊಲಿದ ಕೌದಿ ಇನ್ನೂ ನಮ್ಮ ಮನೇಲಿದೆ, ಮೇಲಿನ ಸೀರೆ ತುಂಡುಗಳು ಸವೆದು ಎರಡೆರಡು ಸಲ ತೇಪೆ ಹಾಕಿದ್ರೂ ಅಡಿ ಬಟ್ಟೆ ಹಂಗೇ ಗಟ್ಟಿ ಇದೆ. ಅದನ್ನ ನೋಡೇ ನಾನು ಅಡಿಗೆ ಸ್ವಲ್ಪ ಗಟ್ಟಿ ಬಟ್ಟೆ (ಹಳೇ ಕಾಟನ್ ಬೆಡ್‌ಶೀಟು ಅಥವಾ ಪಂಚೆ), ನಡುವೆ ತೀರಾ ಸವೆದಿದ್ದು, ಮೇಲೆ ಬಣ್ಣ ಚೆನ್ನಾಗಿರೋದು ಅಂತ ಬೇರೆ ಬೇರೆ ಎತ್ತಿಡ್ತೀನಿ. ಬೆಳಕಿಗೆ ಹಿಡಿದ್ರೆ ಜಾಲರಿ ಕಾಣ್ತಾ ಇದ್ರೆ ಅದು ನಡು ಪದರಕ್ಕೆ, ಎರಡೂ ಕೈಲಿ ಎಳೆದ್ರೆ ಪರ್ ಅಂತ ಹರಿದು ಹೋದ್ರೆ ಅದು ಒರೆಸೋ ಬಟ್ಟೆಗೇ ಸರಿ, ಕೌದಿಗೆ ಬೇಡ.

ಕಾಟನ್ ಅಂತ ಹೇಳಿ ಕೊಡೋ ಎಷ್ಟೋ ಸೀರೆಲಿ ಪಾಲಿಯೆಸ್ಟರ್ ಸೇರಿರುತ್ತೆ. ನನಗೆ ಅನುಮಾನ ಬಂದ್ರೆ ಅಂಚಿಂದ ಒಂದೆರಡು ಎಳೆ ಕಿತ್ತು ಚಿಮ್ಟದಲ್ಲಿ ಹಿಡಿದು ದೀಪಕ್ಕೆ ಹಿಡೀತೀನಿ, ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉದುರುತ್ತೆ, ಪಾಲಿಯೆಸ್ಟರ್ ಆದ್ರೆ ಕರಗಿ ಗಟ್ಟಿ ಕಪ್ಪು ಉಂಡೆ ಆಗುತ್ತೆ (ಅದು ಆರೋವರೆಗೂ ಮುಟ್ಬೇಡ್ರಿ, ಚರ್ಮಕ್ಕೆ ಅಂಟುತ್ತೆ). ಪಾಲಿಯೆಸ್ಟರ್ ಬೆವರು ಹೀರಲ್ಲ. ಏಪ್ರಿಲ್ ಮೇ ತಿಂಗಳ ದಾವಣಗೆರೆ ಸೆಕೆಲಿ ಅದ್ರ ಮೇಲೆ ಮಲಗೋಕೆ ಆಗುತ್ತಾ ಹೇಳ್ರಿ.

ಆರಿಸಿದ್ದನ್ನೆಲ್ಲ ಒಗೀಬೇಕು, ಅದ್ರಲ್ಲೂ ಗಂಜಿ ಪೂರ್ತಿ ಹೋಗಬೇಕು, ಗಂಜಿ ಉಳಿದ್ರೆ ಬೆಳ್ಳಿಹುಳ ಜಿರಳೆ ಬರ್ತಾವೆ. ಬ್ಲೌಸ್ ಹೊಲಿದು ಉಳಿದ ಹೊಸ ಕಾಟನ್ ತುಂಡು ಸೇರಿಸೋದಾದ್ರೆ ಅದನ್ನ ರಾತ್ರಿಯೆಲ್ಲ ನೆನೆಸಿ ಒಣಗಿಸಿಟ್ಟಿರ್ಬೇಕು, ಹಳೇ ಸೀರೆ ಕುಗ್ಗಿ ಮುಗಿದಿರುತ್ತೆ, ಹೊಸ ತುಂಡು ಇನ್ನೂ ಕುಗ್ಗಿರಲ್ಲ, ಹಂಗೇ ಹೊಲಿದ್ರೆ ಮೊದಲ ಒಗೆತಕ್ಕೇ ಆ ಜಾಗ ಮುದುಡಿ ನಿಲ್ಲುತ್ತೆ. ಬಣ್ಣ ಬಿಡುತ್ತಾ ನೋಡೋಕೆ ಒಂದು ಮೂಲೆ ಒದ್ದೆ ಮಾಡಿ ಬಿಳೀ ಬಟ್ಟೆ ಮೇಲೆ ಉಜ್ಜಿ ನೋಡ್ರಿ. ಉಪ್ಪು ನೀರಲ್ಲಿ ನೆನೆಸಿದ್ರೆ ಬಣ್ಣ ನಿಲ್ಲುತ್ತೆ ಅಂತ ಎಲ್ರೂ ಹೇಳ್ತಾರೆ, ಬಣ್ಣ ಹಾಕೋವಾಗ ಉಪ್ಪು ಬಳಸ್ತಾರೆ ನಿಜ, ಆದ್ರೆ ಬಿಡ್ತಾ ಇರೋ ಬಣ್ಣನ ಉಪ್ಪು ಹಿಡಿದಿಡಲ್ಲ. ಕೆಂಪು, ಕಡುನೀಲಿ ಬಿಡ್ತಾನೇ ಇದ್ರೆ ನಾನು ಪಕ್ಕಕ್ಕಿಟ್ಟು ಚೀಲ ಹೊಲೀತೀನಿ.

ಅಳತೆಗೆ ಬರೋಣ. ಬ್ಲೌಸ್ ಪೀಸ್ ಬಿಟ್ರೆ ಸೀರೆ 5.5 ಮೀಟರ್, ಅಂದ್ರೆ ಸುಮಾರು 18 ಅಡಿ, ಪನ್ನ (ಅಗಲ) 45 ಇಂಚಿನ ಆಸುಪಾಸು. ಮೂರು ಸಮ ತುಂಡು ಮಾಡಿದ್ರೆ ಆರಾರು ಅಡಿದು ಮೂರು ಸಿಗುತ್ತೆ, ಒಂದ್ರ ಮೇಲೊಂದು ಹಾಕಿದ್ರೆ ಒಬ್ರು ಹೊದ್ಕೊಳ್ಳೋ ಮೂರು ಪದರದ ಕೌದಿಗೆ ಒಂದೇ ಸೀರೆ ಸಾಕು. ಇಬ್ಬರಿಗೆ ಬೇಕಂದ್ರೆ ಎರಡು ಸೀರೆ ತಗೊಂಡು ಪ್ರತಿ ಪದರದಲ್ಲೂ ಅಕ್ಕಪಕ್ಕ ಜೋಡಿಸ್ಕೋಬೇಕು, ಆದ್ರೆ ಮೂರೂ ಪದರದ ಜಾಯಿಂಟ್ ಒಂದೇ ಕಡೆ ಬರಬಾರದು, ಬಂದ್ರೆ ಅಲ್ಲಿ ಸೂಜಿ ಇಳಿಯಲ್ಲ, ಮಲಗಿದಾಗ ಬೆನ್ನಿಗೂ ಗಟ್ಟಿ ಗೆರೆ ತಾಗುತ್ತೆ. ಪದರ ಎಷ್ಟು ಅಂತ ಕೇಳಿದ್ರೆ ನಮ್ಮ ಕಡೆ ಚಳಿಗೆ ಮೂರು ಸಾಕು, ಹಾಸೋಕೆ ಆದ್ರೆ ಐದು, ಅದಕ್ಕಿಂತ ಜಾಸ್ತಿ ಆದ್ರೆ ಬೆರಳು ನೋಯುತ್ತೆ ಒಗೆಯೋಕೂ ಭಾರ. ತೀರಾ ಚಳಿ ಅನ್ನೋರಿಗೆ ಚಳ್ಳಕೆರೆ ಕಡೆ ಕಂಬಳಿನೇ ಸರಿ, ಆದ್ರೆ ಕಂಬಳಿನ ಹಿಂಗೆ ಮೇಲಿಂದ ಮೇಲೆ ಒಗೆಯೋಕಾಗಲ್ಲವಲ್ಲ.

ಸೀರೆನ ಪೂರ್ತಿ ಕತ್ತರಿಯಿಂದಲೇ ಕತ್ತರಿಸಲ್ಲ ನಾನು. ಅಂಚಲ್ಲಿ ಒಂದಿಂಚು ಕಟ್ ಕೊಟ್ಟು ಹರೀತೀನಿ, ಆಗ ಹೊಕ್ಕಿನ ಎಳೆ (ನೇಯ್ಗೆಯ ಅಡ್ಡ ಎಳೆ) ಹಿಡ್ಕೊಂಡೇ ಹರಿದು ನೇರಕ್ಕೆ ಬರುತ್ತೆ. ಹಾಸು ಹೊಕ್ಕು ಓರೆಯಾದ ತುಂಡು ಹಾಕಿದ್ರೆ ಅದು ಎಳ್ಕೊಂಡು ಎಳ್ಕೊಂಡು ಕೌದಿ ಒಂದು ಮೂಲೆ ಉದ್ದ ಆಗ್ಬಿಡುತ್ತೆ. ಇನ್ನೊಂದು, ಸೀರೆ ಎರಡೂ ಪಕ್ಕದ ದಪ್ಪ ಅಂಚು ತೆಗೆದುಬಿಡ್ರಿ, ನೇಯ್ಗೆ ಅಲ್ಲಿ ಬಿಗಿ ಇರೋದ್ರಿಂದ ಒಗೆದಾಗ ಮಧ್ಯದ ಬಟ್ಟೆ ಒಂಥರಾ ಅಂಚು ಒಂಥರಾ ಆಗುತ್ತೆ. ಅಂಚು ಎಸೀಬೇಡ್ರಿ ಮತ್ತೆ, ಕೊನೇಲಿ ಕೌದಿ ದಂಡೆಗೆ ಪಟ್ಟಿಯಾಗಿ ಕೊಟ್ರೆ ಎಷ್ಟು ಚಂದ ಕಾಣುತ್ತೆ ಅಂದ್ರೆ ಸೀರೆ ಯಾರದು ಅಂತ ಅಂಚು ನೋಡೇ ಮನೆಯವ್ರು ಗುರುತು ಹಿಡೀತಾರೆ.

ಹಾಸೋದು ನೆಲದ ಮೇಲೇ ಆಗಬೇಕು, ಮಂಚದ ಮೇಲೆ ಆಗಲ್ಲ. ನೆಲ ಒರೆಸಿ ಒಣಗಿಸಿ ಅಡಿ ಬಟ್ಟೆ ಹಾಸಿ ನಾಲ್ಕೂ ಮೂಲೆಗೆ ಭಾರ ಇಡ್ತೀನಿ, ಕುಟ್ಟೋ ಕಲ್ಲು, ಗುಂಡುಕಲ್ಲು, ಅಕ್ಕಿ ಡಬ್ಬಿ ಏನಾದ್ರೂ ನಡೆಯುತ್ತೆ. ಬಟ್ಟೆ ನೆಟ್ಟಗಿರಬೇಕು, ಎಳೆದು ಬಿಗಿ ಮಾಡಬಾರದು, ಎಳೆದು ಹಾಸಿದ್ರೆ ಭಾರ ತೆಗೆದ ಕೂಡ್ಲೇ ಅದು ಒಳಗೆ ಹೋಗಿ ಮೇಲಿನ ಪದರ ಸುಕ್ಕಾಗುತ್ತೆ. ಒಂದೊಂದು ಪದರ ಹಾಕಿದಾಗಲೂ ಮಧ್ಯದಿಂದ ಹೊರಗಡೆಗೆ ಅಂಗೈ ಆಡಿಸಿ ಗಾಳಿ ಸುಕ್ಕು ಎಲ್ಲ ದಬ್ಬಿ, ಆಮೇಲೆ ಕಚ್ಚಾ ಹೊಲಿಗೆ. ಗೇಣಿಗೊಂದು ಸಾಲು ಉದ್ದಕ್ಕೂ ಅಡ್ಡಕ್ಕೂ ದೊಡ್ಡ ದೊಡ್ಡ ಹೊಲಿಗೆ ಹಾಕಿ ಪದರಗಳನ್ನ ಹಿಡಿದಿಡಬೇಕು. ಬೇಜಾರಿನ ಕೆಲ್ಸ ಇದು ಅಂತ ಎಷ್ಟೋ ಜನ ಗುಂಡುಪಿನ್ನು ಚುಚ್ಚಿ ಶುರು ಮಾಡ್ತಾರೆ, ಪಿನ್ನು ಜಾರ್ತಾವೆ, ಕೂತ್ರೆ ಚುಚ್ಚುತ್ತೆ, ಮಕ್ಕಳಿರೋ ಮನೇಲಂತೂ ಬೇಡವೇ ಬೇಡ.

ಈಗ ಹೊಲಿಗೆ. ದಬ್ಬಳ ಬೇಡ, ಅದು ಚೀಲಕ್ಕೆ, ಹಳೇ ಬಟ್ಟೇಲಿ ತೂತು ಉಳಿಯುತ್ತೆ. ಕಣ್ಣು ಸ್ವಲ್ಪ ದೊಡ್ಡದಿರೋ ಮಾಮೂಲಿ ಕೈಸೂಜಿ, ದಪ್ಪ ಹತ್ತಿ ದಾರ. ನೈಲಾನ್ ದಾರ ಹಳೇ ಬಟ್ಟೆನ ಕೊಯ್ಯುತ್ತೆ ಅಂತ ದೊಡ್ಡಮ್ಮ ಮುಟ್ಟೋಕೂ ಬಿಡ್ತಿರಲಿಲ್ಲ. ಬಣ್ಣ ಬಣ್ಣದ ಹೊಲಿಗೆ ಕಾಣ್ಬೇಕು ಅಂದ್ರೆ ಕಸೂತಿ ದಾರದ ಲಡಿ ತಗೊಂಡು ಆರು ಎಳೆನ ಮೂರು ಮೂರು ಮಾಡ್ಕೊಳ್ರಿ, ಲಡಿ ಒಂದಕ್ಕೆ ಎಂಟೇ ಮೀಟರ್ ಇರೋದು ಬೇಗ ಖಾಲಿ ಆಗುತ್ತೆ, ಅದಕ್ಕೆ ನಾನು ದಂಡೆಗೆ ಮಾತ್ರ ಹಾಕ್ತೀನಿ. ದಾರ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ ಸಾಕು, ಉದ್ದ ಹಾಕಿದ್ರೆ ಸಿಕ್ಕಾಗೋದಲ್ದೆ ಬಟ್ಟೆ ಒಳಗೆ ಹೋಗಿ ಬಂದು ಕೊನೆ ಕೊನೆಗೆ ಸವೆದು ತುಂಡಾಗುತ್ತೆ. ಜೇನುಮೇಣ ಇದ್ರೆ ಒಂದ್ಸಲ ದಾರನ ಅದ್ರ ಮೇಲೆ ಎಳೆದ್ರೆ ಜಾರ್ಕೊಂಡು ಹೋಗುತ್ತೆ.

ದೊಡ್ಡಮ್ಮ ಕಲಿಸಿದ್ದು ದಂಡೆಯಿಂದ ಶುರು ಮಾಡಿ ಸುತ್ತು ಹಾಕ್ತಾ ಹಾಕ್ತಾ ಒಳಗೆ ಬರೋ ಕ್ರಮ. ಮೊದ್ಲು ಅಡಿ ಮೇಲೆ ಎರಡೂ ಬಟ್ಟೆ ಅಂಚನ್ನ ಅರ್ಧ ಇಂಚು ಒಳಗೆ ಮಡಚಿ ಸುತ್ತ ಹೊಲೀಬೇಕು, ಅದಾದ್ಮೇಲೆ ಒಂದು ಬೆರಳಗಲ ಬಿಟ್ಟು ಎರಡನೇ ಸುತ್ತು, ಹಿಂಗೇ ನಡುವಿನವರೆಗೆ. ಮೇಲೆ ತುಂಡು ಜೋಡಿಸೋದಿದ್ರೆ ಹೊಲಿಗೆ ಅಲ್ಲಿಗೆ ಬಂದಾಗ ತುಂಡಿಟ್ಟು ಅಂಚು ಮಡಚಿ ಅದೇ ಸಾಲಲ್ಲಿ ಹಿಡ್ಕೊಂಡು ಹೋಗೋದು, ಬೇರೆ ಕೂತು ತುಂಡು ಜೋಡಿಸೋ ಕೆಲ್ಸವೇ ಇಲ್ಲ. ಆಮೇಲೆ ಗೊತ್ತಾಯ್ತು, ಉತ್ತರ ಕನ್ನಡದ ಹಳಿಯಾಳ ಯಲ್ಲಾಪುರ ಕಡೆ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಣ್ಮಕ್ಕಳು ಹೊಲಿಯೋ ಕೌದಿನೂ ಹಿಂಗೇ ಮೂಲೆಯಿಂದ ಹಿಡಿದು ಒಳಗೆ ಬರೋದಂತೆ, ನಾಲ್ಕು ಮೂಲೇಲೂ ಮಡಚಿದ ತುಂಡಿನ ಹೂವು ಕೂರಿಸ್ತಾರೆ, ಅದಕ್ಕೆ ಫುಲ ಅಂತಾರೆ, ಅದಿಲ್ದಿದ್ರೆ ಕೌದಿ ಬರಿಮೈಲಿ ಇದ್ದ ಹಂಗೆ ಅಂತ ಅವ್ರ ಭಾವನೆ. ಅದನ್ನ ತಿಳಿದ ಮೇಲೆ ನಾನೂ ಮೂಲೆಗಳಿಗೆ ತ್ರಿಕೋನ ಕೊಡೋಕೆ ಶುರು ಮಾಡ್ದೆ: ಮೂರಿಂಚಿನ ಚೌಕ ತುಂಡನ್ನ ಮೂಲೆಗೆ ಮೂಲೆ ಕೂಡಿಸಿ ಮಡಚಿ, ಇನ್ನೊಂದ್ಸಲ ಮಡಚಿದ್ರೆ ನಾಲ್ಕು ಪದರದ ಪುಟ್ಟ ತ್ರಿಕೋನ, ಅದ್ರ ಬಿಚ್ಚಿದ ಕಡೆನ ದಂಡೆ ಒಳಗೆ ಸಿಕ್ಕಿಸಿ ಹೊಲಿಯೋದು ಅಷ್ಟೇ.

ಹೊಲಿಗೆ ಒಂದೊಂದೂ ಅಕ್ಕಿಕಾಳಿನಷ್ಟು ಉದ್ದ ಇದ್ರೆ ಸಾಕು. ಎಡಗೈ ಯಾವಾಗ್ಲೂ ಕೌದಿ ಅಡಿಗಿರಬೇಕು, ಸೂಜಿ ತುದಿ ಎಲ್ಲ ಪದರ ದಾಟಿ ಬೆರಳಿಗೆ ತಾಗಿದ್ದು ಗೊತ್ತಾದ ಮೇಲೇ ಮೇಲಕ್ಕೆ ತಿರುಗಿಸ್ಬೇಕು, ಇಲ್ಲಾಂದ್ರೆ ಮೇಲೆ ನೋಡೋಕೆ ಸಾಲು ಚಂದ ಇರುತ್ತೆ ಅಡಿ ಬಟ್ಟೆ ಸಿಕ್ಕೇ ಇರಲ್ಲ. ಸೂಜಿಗೆ ಮೂರ್ನಾಲ್ಕು ಹೊಲಿಗೆ ಏರಿಸ್ಕೊಂಡು ಒಟ್ಟಿಗೇ ಎಳೀರಿ, ಎಳೆದಾದ ಮೇಲೆ ಹೆಬ್ಬೆರಳಲ್ಲಿ ಸಾಲನ್ನ ಹಿಂದಕ್ಕೆ ಸವರಿ, ಸುಕ್ಕು ಬಿದ್ದಿದ್ರೆ ಆವಾಗ್ಲೇ ಬಿಚ್ಕೊಳ್ಳುತ್ತೆ. ನಡುಬೆರಳಿಗೆ ಲೋಹದ ಟೋಪಿ ಹಾಕ್ಕೊಳ್ರಿ, ಮೊದ್ಲು ಮೊದ್ಲು ಕೈಗೆ ಒಗ್ಗಲ್ಲ, ಆದ್ರೂ ಬಿಡಬೇಡ್ರಿ.

ಮಷಿನ್ ಇದ್ರೂ ಕೈಯಲ್ಲಿ ಯಾಕೆ ಅಂತ ಕೇಳ್ತಾರೆ. ಮಷಿನ್ನಲ್ಲಿ ಕೆಳಗಿನ ಹಲ್ಲು ಅಡಿ ಬಟ್ಟೆನ ಹಿಂದಕ್ಕೆ ಎಳೆಯುತ್ತೆ, ಮೇಲಿನ ಫುಟ್ಟು ಮೇಲಿನ ಬಟ್ಟೆನ ತಡೆಯುತ್ತೆ, ಪದರ ಜಾಸ್ತಿ ಆದಷ್ಟೂ ಮೇಲಿನದು ಮುಂದೆ ಸರ್ಕೊಂಡು ಬಂದು ಕೊನೇಲಿ ನೆರಿಗೆ ಬೀಳುತ್ತೆ. ಮಾಡ್ಲೇಬೇಕು ಅಂದ್ರೆ 16 ನಂಬರ್ ಸೂಜಿ ಹಾಕಿ, ಹೊಲಿಗೆ ಉದ್ದ ಮಾಡಿ, ಫುಟ್ಟಿನ ಪ್ರೆಷರ್ ಸ್ಕ್ರೂ ಸ್ವಲ್ಪ ಸಡಿಲ ಮಾಡ್ಕೊಂಡು ಕಚ್ಚಾ ಹೊಲಿಗೆ ಇನ್ನೂ ಹತ್ತಿರ ಹತ್ತಿರ ಹಾಕ್ರಿ. ಮಷಿನ್ ಕೌದಿ ಗಟ್ಟಿಯೇ, ಆದ್ರೆ ಮೈಗೆ ಬಿರುಸಾಗಿ ತಾಗುತ್ತೆ, ಕೈ ಹೊಲಿಗೆದು ಮೈಮೇಲೆ ಬಿದ್ದ ಕಡೆ ಬೀಳುತ್ತೆ, ನನ್ನ ಮಟ್ಟಿಗೆ ಕೈ ಹೊಲಿಗೆ ಮುಂದೆ ಮಷಿನ್ದು ಏನೂ ಅಲ್ಲ.

ಹೊಸಬ್ರು ದೊಡ್ಡ ಕೌದಿಗೆ ಕೈ ಹಾಕದೆ ಕೂಸಿನ ಕೌದಿಯಿಂದ ಶುರು ಮಾಡ್ರಿ, ಮೂರಡಿ ಉದ್ದ ಎರಡೂವರೆ ಅಡಿ ಅಗಲ, ಅರ್ಧ ಸೀರೆಲಿ ಆಗಿಹೋಗುತ್ತೆ. ಕೂಸಿನ ಅಜ್ಜಿ ಸೀರೆಯಾದ್ರೆ ಇನ್ನೂ ಒಳ್ಳೇದು. ಇದಕ್ಕೆ ಮಣಿ, ಲೇಸು, ಕನ್ನಡಿ ಯಾವ್ದೂ ಬೇಡ, ಗಂಟು ಎಲ್ಲ ಪದರದ ಒಳಗೇ ಅಡಗಿರಬೇಕು, ಉದ್ದ ಹೊಲಿಗೆ ಬಿಟ್ರೆ ಕೂಸಿನ ಬೆರಳು ಸಿಕ್ಕೊಳ್ಳುತ್ತೆ. ಇದು ಕೂಸಿನ ಅಡಿಗೆ ಹಾಸೋಕೆ, ಮುಖದ ಮೇಲೆ ಬರೋ ಹಂಗೆ ಹೊದಿಸೋಕಲ್ಲ, ಇದನ್ನ ಕೊಡೋವಾಗೆಲ್ಲ ನಾನು ಬಾಣಂತಿಗೆ ಬಾಯಿಬಿಟ್ಟು ಹೇಳ್ತೀನಿ. ಉಳಿದ ತುಂಡಲ್ಲಿ ಒಂದು ಕುಲಾಯಿ (ಕೂಸಿನ ಟೋಪಿ) ಆಗುತ್ತೆ.

ರೇಷ್ಮೆ ಸೀರೆ ಹಾಕ್ಬಹುದಾ ಅಂತ ನಮ್ಮ ಪಕ್ಕದ ಮನೆ ಆಂಟಿ ಅವ್ರಮ್ಮನ ಮೊಳಕಾಲ್ಮೂರು ಸೀರೆ ತಂದು ಕೇಳಿದ್ರು. ಮಡಿಕೆಲೆಲ್ಲ ಸೀಳಿತ್ತು, ಸೆರಗು ಮಾತ್ರ ಹೊಸದರಂಗಿತ್ತು. ಹಳೇ ರೇಷ್ಮೆ ಕೌದಿಲಿ ನಿಲ್ಲಲ್ಲ ಆಂಟಿ, ಒಗೆತಕ್ಕೆ ತಡೆಯಲ್ಲ ಜರಿ ಚುಚ್ಚುತ್ತೆ ಅಂತ ಹೇಳಿ ಸೆರಗಿನ ಭಾಗಕ್ಕೆ ಕಾಟನ್ ಲೈನಿಂಗ್ ಕೊಟ್ಟು ಎರಡು ದಿಂಬಿನ ಕವರು, ಮತ್ತೆ ಅವರತ್ತೆಗೆ ಎಲೆ ಅಡಿಕೆ ಚಂಚಿ ಹೊಲ್ಕೊಟ್ಟೆ. ಚಂಚಿಗೆ ಒಳಗೆ ಎರಡು ಪದರ ಜಾಸ್ತಿ ಕೊಟ್ರೆ ಎಲೆ ಬೇರೆ ಅಡಿಕೆ ಬೇರೆ ಸುಣ್ಣದ ಡಬ್ಬಿ ಬೇರೆ ಕೂರುತ್ತೆ, ಒಳಪದರ ಕಾಟನ್ನೇ ಇರಬೇಕು, ಒದ್ದೆ ಎಲೆ ತೇವ ಅದೇ ಹೀರ್ಕೊಳ್ಳೋದು.

ಕೌದಿ ಕೊನೇ ಸುತ್ತು ಮುಚ್ಚೋ ಮುಂಚೆ ದೊಡ್ಡಮ್ಮ ಒಂದು ಚೂರು ಒಣ ಜೋಳದ ರೊಟ್ಟಿ ಒಳಗಿಟ್ಟು ಹೊಲೀತಿದ್ರು, ಕೌದಿ ಹಸಿದಿರಬಾರದು ಅಂತ. ನಾನು ಇರುವೆ ಬರುತ್ತೆ ಅಂತ ರೊಟ್ಟಿ ಇಡಲ್ಲ, ಅವ್ರ ಹಳೇ ಸೀರೆ ಇನ್ನೂ ಒಂದು ನನ್ನತ್ರ ಇದೆ, ಅದ್ರದ್ದೇ ಒಂದು ಬೆರಳುದ್ದ ತುಂಡನ್ನ ನಾನು ಹೊಲಿಯೋ ಪ್ರತಿ ಕೌದಿ ಒಳಗೂ ಇಡ್ತೀನಿ.

ಒಗೆಯೋದು: ಮೊದಲ ಸಲ ತಣ್ಣೀರಲ್ಲಿ ಒಂದೇ ಹಾಕ್ರಿ, ಬೇರೆ ಬಟ್ಟೆ ಜೊತೆ ಬೇಡ. ಅಂಟುವಾಳ ಕಾಯಿ ನೀರಾದ್ರೆ ಒಳ್ಳೇದು, ಸಿಗ್ಲಿಲ್ಲ ಅಂದ್ರೆ ಕಮ್ಮಿ ಸೋಪಿನ ಪುಡಿ, ಬ್ರಷ್ ಹಾಕಿ ಉಜ್ಜೋದು ಕಲ್ಲಿಗೆ ಬಡಿಯೋದು ಬೇಡ. ನೀರು ಕುಡಿದ ಕೌದಿ ಬಹಳ ಭಾರ, ಒಂದೇ ಹಗ್ಗದ ಮೇಲೆ ನೇತು ಹಾಕಿದ್ರೆ ಆ ಭಾರಕ್ಕೇ ಹೊಲಿಗೆ ಕಿತ್ತು ಬರುತ್ತೆ, ಅದಕ್ಕೆ ಎರಡು ಹಗ್ಗದ ಮೇಲೆ ಅಗಲಕ್ಕೆ ಹರವಿ ಒಳಮೈ ಮೇಲೆ ಮಾಡಿ ಒಣಗಿಸ್ರಿ. ಎಲ್ಲಾದ್ರೂ ಸವೆದು ತೂತು ಬಿದ್ರೆ ಬಿಚ್ಚೋಕೆ ಹೋಗ್ಬೇಡ್ರಿ, ತೂತಿಗಿಂತ ಎರಡು ಬೆರಳು ದೊಡ್ಡ ತುಂಡು ಇಟ್ಟು ಅಂಚು ಮಡಚಿ ಹಳೇ ಸಾಲಿನ ಮೇಲೇ ಹೊಲಿಗೆ ಓಡಿಸ್ರಿ. ಪೂರ್ತಿ ಮೆತ್ತಗಾಗಿ ತೇಪೆನೂ ನಿಲ್ಲಲ್ಲ ಅನ್ನೋ ಹೊತ್ತಿಗೆ ಅಡಿಗೊಂದು ಮೇಲೊಂದು ಹೊಸ ಸೀರೆ ತುಂಡು ಕೊಟ್ಟು ಇಡೀ ಹಳೇ ಕೌದಿನೇ ನಡು ಪದರ ಮಾಡ್ಕೊಂಡು ಹೊಲಿದುಬಿಡ್ರಿ, ನಾನೀಗ ಹಾಸ್ಕೊಂಡಿರೋದು ಅಂಥದ್ದೇ, ದಂಡೆ ಎರಡು ಸುತ್ತು ಮುಗಿದಿದೆ.